ನಾಲ್ಕನೇ ಮರದ ಎರಡು ಶಿಲೀಂಧ್ರಗಳು

ಬೇವಿನ ಕೊಂಬೆಗಳನ್ನು ತುದಿಯಿಂದ ಒಣಗಿಸುತ್ತ ಬರುವ ಒಂದು ಶಿಲೀಂಧ್ರಕ್ಕೆ ನಾನು ಆರು ವರ್ಷ ಸುರಿದಿದ್ದೇನೆ. ನಾನು ಕೆಲಸಕ್ಕೆ ಕೈಹಚ್ಚಿದಾಗ ಪುಸ್ತಕಗಳಲ್ಲಿ ಅದಕ್ಕೆ ಎರಡು ಹೆಸರುಗಳಿದ್ದವು. ಶಿಲೀಂಧ್ರಗಳ ಲೋಕದಲ್ಲಿ ಇದು ಮಾಮೂಲು. ಜೋಡಿ ಸೇರಿ ಬೀಜಾಣು ಮಾಡುವಾಗ ಅವಕ್ಕೆ ಒಂದು ರೂಪ, ಒಂಟಿಯಾಗಿಯೇ ಮಾಡಿಕೊಳ್ಳುವಾಗ ಇನ್ನೊಂದು ರೂಪ. ಎರಡನ್ನೂ ಬೇರೆ ಬೇರೆ ಕಡೆ ನೋಡಿದ ಹಿರಿಯರು ಎರಡು ಹೆಸರಿಟ್ಟರು. ಎರಡೂ ಒಂದೇ ಎಂದು ಗೊತ್ತಾದ ಮೇಲೂ ಎರಡನ್ನೂ ಇಟ್ಟುಕೊಂಡರು. ಕೊನೆಗೆ ಡಿಎನ್‌ಎ ಓದುವ ಕಾಲ ಬಂದು, ಇನ್ನು ಮೇಲೆ ಒಂದು ಶಿಲೀಂಧ್ರಕ್ಕೆ ಒಂದೇ ಹೆಸರು ಎಂದು ಲೋಕದ ಪಂಡಿತರೆಲ್ಲ ಕೂಡಿ ತೀರ್ಮಾನಿಸಿದರು. ಆ ತೀರ್ಮಾನ ಅರ್ಧ ಜನಕ್ಕೆ ತಲುಪಿತು, ಅರ್ಧ ಜನಕ್ಕೆ ತಲುಪಲಿಲ್ಲ. ನಾನು ಎಲ್ಲಿ ಪ್ರಬಂಧ ಓದಿದರೂ ಹಿಂದಿನ ಸಾಲಿನಿಂದ ಯಾರಾದರೂ ಎದ್ದು, "ನಮ್ಮ ಕಾಲದಲ್ಲಿ ಇದಕ್ಕೆ ಬೇರೆ ಹೆಸರಿತ್ತಲ್ಲಮ್ಮಾ" ಅನ್ನುತ್ತಿದ್ದರು. ಇತ್ತು ಸ್ವಾಮಿ, ಈಗ ಇಲ್ಲ, ಕೂತುಕೊಳ್ಳಿ ಎಂದು ಹೇಳಲು ಬಾಯಿ ತುರಿಸುತ್ತಿತ್ತು.

ಹೆಸರಿನ ಕಥೆ ಹಾಗಾದರೆ ಮುಖದ ಕಥೆ ಇನ್ನೂ ಮೇಲು. ಈ ಕುಟುಂಬದ ಶಿಲೀಂಧ್ರಗಳೆಲ್ಲ ಸೂಕ್ಷ್ಮದರ್ಶಕದ ಕೆಳಗೆ ಒಂದೇ ಥರ ಕಾಣುತ್ತವೆ. ಒಣಗಿದ ತೊಗಟೆಯ ಮೇಲೆ ಕರಿಯ ಚುಕ್ಕೆ, ಚುಕ್ಕೆಯೊಳಗೆ ಬಣ್ಣವಿಲ್ಲದ ಸಣ್ಣ ಬೀಜಾಣು. ಇದರ ಉದ್ದ ಇಷ್ಟು, ಅದರ ಉದ್ದ ಅಷ್ಟು ಎಂದು ಅಳೆದು ಬರೆದವರಿದ್ದಾರೆ. ಅದೇ ಬೀಜಾಣುವನ್ನು ನಾನು ಬೆಳಿಗ್ಗೆ ಅಳೆದರೆ ಒಂದು, ಮಧ್ಯಾಹ್ನ ಅಳೆದರೆ ಇನ್ನೊಂದು. ಹಾಗಾಗಿ ಕಣ್ಣನ್ನು ನಂಬಬೇಡ, ವಂಶವಾಹಿಯನ್ನು ನಂಬು ಎನ್ನುವುದು ನಮ್ಮ ಕಾಲದ ಪಾಠ. ಶಿಲೀಂಧ್ರವನ್ನು ಆಲೂಗಡ್ಡೆ ಸಾರು ಬೆರೆಸಿದ ಅಗರ್ ಲೋಳೆಯ ಮೇಲೆ ಶುದ್ಧವಾಗಿ ಬೆಳೆಸಿ, ಅದರ ಡಿಎನ್‌ಎ ತೆಗೆದು, ಆಯ್ದ ಮೂರು ಕಡೆಯ ಅಕ್ಷರಗಳ ಸಾಲನ್ನು ಓದಿಸುವುದು. ಆ ಸಾಲುಗಳನ್ನು ಗೊತ್ತಿರುವ ಶಿಲೀಂಧ್ರಗಳ ಸಾಲುಗಳ ಪಕ್ಕ ಇಟ್ಟು, ಯಾವುದು ಯಾವುದಕ್ಕೆ ಹತ್ತಿರ ಎಂದು ಕವಲು ಕವಲಾದ ಒಂದು ವಂಶವೃಕ್ಷ ಬರೆಯುವುದು. ಒಂದೇ ಕವಲಿಗೆ ಬಂದು ಕೂತವು ಒಂದೇ ಜಾತಿ. ಮೂರು ಕಡೆಯ ಸಾಲೂ ಒಂದೇ ಮಾತು ಹೇಳಿದರೆ ಮಾತ್ರ ಬಾಯಿ ತೆರೆಯಬೇಕು. ಕೇಳುವುದಕ್ಕೆ ಎಷ್ಟು ಚೆನ್ನಾಗಿದೆ.

ನಾನು ಓದಿದ್ದು, ಕೆಲಸ ಮಾಡಿದ್ದು ಎಲ್ಲ ಕೊಯಮತ್ತೂರಿನಲ್ಲೇ. ನಮ್ಮ ಮೂಲ ಮಡತ್ತುಕುಳಂ ಹತ್ತಿರದ ಹಳ್ಳಿ. ಬೇಸಾಯದ ಮನೆತನ. ಯಾವ ತಲೆಮಾರಿನಲ್ಲಿ ಇಲ್ಲಿಗೆ ಬಂದೆವೋ ಯಾರಿಗೂ ತಿಳಿಯದು. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಅಪ್ಪ ಹೊಲವನ್ನು ದಾಯಾದಿಗಳಿಗೆ ಬಿಟ್ಟು ಕರುಮತ್ತಂಪಟ್ಟಿಗೆ ಬಂದು ಪವರ್‌ಲೂಮ್ ಹಾಕಿದ. ಅಪ್ಪನ ತಂಗಿ, ನನ್ನ ಅತ್ತೆ, ಅದೇ ಹಳ್ಳಿಯಲ್ಲಿ ಉಳಿದಳು. ಅತ್ತೆಯ ಮಗನಿಗೆ ನನ್ನನ್ನು ತಂದುಕೊಳ್ಳಬೇಕೆಂದು ನಾನು ಹುಟ್ಟಿದಾಗಿನಿಂದ ಮಾತಿತ್ತು. ನಾನು ಎಂ.ಎಸ್ಸಿ., ಆಮೇಲೆ ಪಿಎಚ್‌ಡಿ ಎಂದು ಎಳೆದಾಡಿದೆ. ಅತ್ತೆ ಕಾದು ಕಾದು ಪೊಳ್ಳಾಚಿ ಕಡೆಯಿಂದ ಬೇರೆ ಹುಡುಗಿಯನ್ನು ತಂದಳು. ಅದಕ್ಕೆ ಅವಳು ನನ್ನ ಮೇಲೆ ಮುನಿಸಿಕೊಳ್ಳಲಿಲ್ಲ, ಆದರೆ ಸಿಕ್ಕಾಗಲೆಲ್ಲ ಚುಚ್ಚುವುದನ್ನೂ ಬಿಡಲಿಲ್ಲ.

"ನನ್ನ ಮಗನ್ನ ಬುಟ್ಟು ಪೂಸಣಾನ ಕಟ್ಕೊಂಡ್ಳು ಇವ್ಳು" ಎಂದು ಬಂದವರ ಮುಂದೆಲ್ಲ ನನ್ನನ್ನು ಪರಿಚಯಿಸುತ್ತಿದ್ದಳು. ಪೂಸಣ ಎಂದರೆ ಇಲ್ಲಿಯವರ ಬಾಯಲ್ಲಿ ಬೂಷ್ಟು.

ಕನ್ನಡದ ಅಕ್ಷರ ನಾನು ಕಲಿತಿದ್ದು ಹಾಸ್ಟೆಲಿನಲ್ಲಿ, ಚಾಮರಾಜನಗರದಿಂದ ಬಂದಿದ್ದ ರೂಮ್‌ಮೇಟ್ ಹತ್ತಿರ. ನಮ್ಮ ಇಡೀ ಬಳಗದಲ್ಲಿ ಈ ಲಿಪಿ ಓದಲು ಬರುವವಳು ನಾನೊಬ್ಬಳೇ. ಮುಂದೆ ಬರೆಯಲಿರುವುದನ್ನು ಬರೆಯುವ ಧೈರ್ಯ ನನಗೆ ಬಂದಿರುವುದೂ ಅದರಿಂದಲೇ.

ಬೇವಿನ ತುದಿ ಒಣಗುವ ರೋಗ ಆ ವೇಳೆಗೆ ನಮ್ಮ ಸುತ್ತಿನ ಜಿಲ್ಲೆಗಳಲ್ಲೆಲ್ಲ ಕಣ್ಣಿಗೆ ರಾಚುವಷ್ಟಿತ್ತು. ಮಳೆ ಬಂದು ಹೋದ ಮೇಲೆ ರಸ್ತೆಬದಿಯ ಬೇವುಗಳೆಲ್ಲ ಕಂದು ತಲೆ ಹೊತ್ತು ನಿಲ್ಲುತ್ತಿದ್ದವು. ಒಂದೇ ಮರಗಳನ್ನು ತಿಂಗಳು ತಿಂಗಳೂ ಹಿಂಬಾಲಿಸಬೇಕು, ಪ್ರತಿ ಸಲ ಒಣಗಿದ ಕೊಂಬೆ ತಂದು ಅದರಲ್ಲಿ ಯಾವ ಶಿಲೀಂಧ್ರವಿದೆ ಎಂದು ನೋಡಬೇಕು. ಇದು ನನ್ನ ಯೋಜನೆ. ಅತ್ತೆಯ ಹಳ್ಳಿಯ ಸುತ್ತ ಹತ್ತು ಬೇವು ಆರಿಸಿದೆ. ಒಂದರಿಂದ ಹತ್ತರವರೆಗೆ ಸಂಖ್ಯೆ ಕೊರೆದ ಅಲ್ಯೂಮಿನಿಯಂ ಬಿಲ್ಲೆಗಳನ್ನು ಮಾಡಿಸಿ, ಒಂದೊಂದು ಮರಕ್ಕೆ ಒಂದೊಂದು ಹೊಡೆದು ಬಂದೆ.

ವಾರದೊಳಗೆ ಹತ್ತೂ ಮಾಯ. ಅತ್ತೆಗೆ ಫೋನ್ ಮಾಡಿದೆ.

"ನಾನೇ ಮೂರು ಕಿತ್ತೆ. ಮಿಕ್ಕಿದ್ದು ಊರವ್ರು ಕಿತ್ರು" ಅಂದಳು, ಏನೂ ಆಗದವಳಂತೆ.

"ಯಾಕತ್ತೆ?"

"ಮರಕ್ಕೆ ನಂಬರ್ ಹಾಕೋದು ಯಾಕೆ? ಕಡಿಯಾಕೆ ತಾನೆ? ರೋಡ್ ಅಗಲ ಮಾಡುವಾಗ ನಂಬರ್ ಹಾಕ್ಲಿಲ್ವಾ, ಆಮೇಲೆ ಒಂದು ಮರ ಐತಾ ಇವತ್ತು?"

ಅದು ಸುಳ್ಳೂ ಅಲ್ಲ. ನಮ್ಮ ಕರುಮತ್ತಂಪಟ್ಟಿಯ ರಸ್ತೆಯಲ್ಲಿ ಹುಣಸೆಮರಗಳಿಗೆ ಬಿಳಿ ಬಣ್ಣದಲ್ಲಿ ಅಂಕಿ ಬಿದ್ದ ಮೇಲೆ ಗರಗಸ ಬರಲು ಬಹಳ ದಿನ ಹಿಡಿದಿರಲಿಲ್ಲ. ಆದರೂ ಸ್ವಂತ ಅತ್ತೆಯೇ ನನ್ನ ಬಿಲ್ಲೆ ಕಿತ್ತಳಲ್ಲ ಎಂದು ನಾನು ಮನೆಯಲ್ಲಿ ಕೂಗಾಡಿದೆ. ಅಪ್ಪ ಮಗ್ಗದ ಸದ್ದಿನ ನಡುವೆ ಅದನ್ನೆಲ್ಲ ಕೇಳಿಸಿಕೊಂಡು, ಮಗ್ಗ ನಿಲ್ಲಿಸಿ ಎದ್ದು ಬಂದ.

"ನಂಬರ್ ಯಾಕೆ ಹಾಕ್ತೀಯ? ನೂಲು ಕಟ್ಟು. ನಾವು ಬೀಮಿಗೆ ಕಟ್ಟಕಿಲ್ವಾ, ಯಾರ ಪಾವು ಯಾವ್ದು ಅಂತ ಗೊತ್ತಾಗಾಕೆ? ನೂಲು ಕಟ್ಟಿದ ಮರಾನ ಯಾವನೂ ಮುಟ್ಟಕಿಲ್ಲ."

ಅಪ್ಪನ ಮಗ್ಗದ ಕೊಟ್ಟಿಗೆಯಲ್ಲಿ ಅದು ರೂಢಿ. ಪಾವು, ಅಂದರೆ ಹಾಸುನೂಲು, ಸುತ್ತಿದ ಬೀಮಿನ ಉರುಳೆಗಳು ಒಂದರಂತೆ ಒಂದು ಇರುತ್ತವೆ. ಯಾರದು ಯಾವುದೆಂದು ತಿಳಿಯಲು ಒಂದೊಂದಕ್ಕೆ ಒಂದೊಂದು ಬಣ್ಣದ ನೂಲಿನ ಗಂಟು. ಮಿಕ್ಕಿದ ನೂಲಿನ ಕೋನುಗಳಿಂದ ಅಪ್ಪ ಹತ್ತು ಬಣ್ಣ ತೆಗೆದು, ಪ್ರತಿಯೊಂದನ್ನೂ ಬಿಗಿಯಾಗಿ ಹುರಿಮಾಡಿ ಕೊಟ್ಟ. ನಾನು ಮತ್ತೆ ಹೋಗಿ ಕಟ್ಟಿ ಬಂದೆ. ಒಂದನೇ ಮರ ಕೆಂಪು, ಎರಡು ನೀಲಿ, ಮೂರು ಹಸಿರು, ನಾಲ್ಕು ಹಳದಿ, ಹೀಗೆ. ಪ್ರತಿ ತಿಂಗಳೂ ಹೋಗಿಬರಲು ನನಗೆ ಆಗುತ್ತಿರಲಿಲ್ಲವಾದ್ದರಿಂದ ಅತ್ತೆಯೇ ಕೊಂಬೆ ಕೀಳಲು ಒಪ್ಪಿಕೊಂಡಳು. ಒಣಗಿದ ತುದಿಯನ್ನು ಒಂದು ಗೇಣು ಕತ್ತರಿಸುವುದು, ಕಾಗದದ ಕವರಿಗೆ ಹಾಕುವುದು, ಕವರಿಗೆ ಅದೇ ಬಣ್ಣದ ನೂಲಿನ ತುಂಡು ಕಟ್ಟುವುದು. ಕವರುಗಳ ಕಟ್ಟನ್ನು ಅವಳು ಪಳನಿಯಿಂದ ಬರುವ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದಳು, ನಾನು ಕೊಯಮತ್ತೂರಿನ ಉಕ್ಕಡಂ ನಿಲ್ದಾಣದಲ್ಲಿ ಇಸಿದುಕೊಳ್ಳುತ್ತಿದ್ದೆ. ಅವಳು ತನ್ನ ತಲೆ ಓಡಿಸಿ ಏನಾದರೂ ಮಾಡಿಯಾಳು ಎಂಬ ಹೆದರಿಕೆಯಿಂದ ನಾನು ಹತ್ತು ಸಲ ಹೇಳಿದ್ದೆ: "ಬಣ್ಣ ನೋಡಿ ಕೀಳತ್ತೆ. ಬೇರೆ ಏನೂ ಯೋಚನೆ ಮಾಡಬೇಡ."

ಅವಳು ಮಾಡಲಿಲ್ಲ.

ಎರಡು ವರ್ಷ ಎಲ್ಲ ಸುಸೂತ್ರ. ಹತ್ತು ಮರದಿಂದಲೂ ಅದೇ ಶಿಲೀಂಧ್ರ, ವಂಶವೃಕ್ಷದಲ್ಲಿ ಅದೇ ಕವಲು. ಸರಿಯಾದ ಫಲಿತಾಂಶ, ಆದರೆ ಯಾರಿಗೂ ಬೇಡದ ಫಲಿತಾಂಶ. ಎಲ್ಲರಿಗೂ ಗೊತ್ತಿರುವ ರೋಗಕ್ಕೆ ಎಲ್ಲರಿಗೂ ಗೊತ್ತಿರುವ ಶಿಲೀಂಧ್ರವೇ ಕಾರಣ ಎಂದು ಬರೆದರೆ ಯಾರು ಓದುತ್ತಾರೆ. ನನ್ನ ಮಾರ್ಗದರ್ಶಕರು ನಿವೃತ್ತಿಗೆ ಹತ್ತಿರವಾಗಿದ್ದರು. ಅವರ ಕೈಕೆಳಗೆ ಉಳಿದಿದ್ದ ಕೊನೆಯ ವಿದ್ಯಾರ್ಥಿನಿ ನಾನು. ಅವರು ಹೋಗುವುದರೊಳಗೆ ನಾನು ಪ್ರಬಂಧ ಸಲ್ಲಿಸಬೇಕು, ಇಲ್ಲದಿದ್ದರೆ ಶಿಲೀಂಧ್ರದ ಗಂಧವಿಲ್ಲದ ಇನ್ನೊಬ್ಬರ ಕೈಕೆಳಗೆ ಮೊದಲಿಂದ ಎಲ್ಲ ವಿವರಿಸಬೇಕು. ಬೇರೇನೂ ಅಲ್ಲ, ನನ್ನ ಮುಂದಿದ್ದ ಪ್ರಶ್ನೆ ಅದೊಂದೇ.

ಆಗ ನಾಲ್ಕನೇ ಮರ ಮಾತಾಡಿತು. ಇಲ್ಲಿಯವರು ಆಡಿ ಅನ್ನುವ ಆಷಾಢದ ತಿಂಗಳ ನಂತರ ಬಂದ ಹಳದಿ ನೂಲಿನ ಕವರಿನಿಂದ ಎರಡು ಥರದ ಶಿಲೀಂಧ್ರ ಬೆಳೆಯಿತು. ತಟ್ಟೆಯಲ್ಲಿ ನೋಡಿದರೆ ಎರಡೂ ಬಿಳಿ ಹತ್ತಿಯಂತೆ ಒಂದೇ ಥರ. ಆದರೆ ಡಿಎನ್‌ಎ ಓದಿಸಿದಾಗ ಒಂದು ಎಂದಿನ ಕವಲಿಗೆ ಹೋಗಿ ಕೂತಿತು, ಇನ್ನೊಂದು ಯಾರ ಪಕ್ಕದಲ್ಲೂ ಕೂರದೆ ಒಂಟಿಯಾಗಿ ನಿಂತಿತು. ಮೂರು ಕಡೆಯ ಸಾಲೂ ಅದನ್ನೇ ಹೇಳಿದವು. ಮುಂದಿನ ತಿಂಗಳು ಮತ್ತೆ ಎರಡು. ಅದರ ಮುಂದಿನ ತಿಂಗಳೂ ಎರಡು. ಬೇರೆ ಒಂಬತ್ತು ಮರಗಳಲ್ಲಿ ಎಂದಿನದು ಮಾತ್ರ.

ಮಾರ್ಗದರ್ಶಕರು ಆ ಚಿತ್ರವನ್ನು ಕಿಟಕಿಯ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. ಅವರು ಮಾತಾಡುವುದು ತಮಿಳಿನಲ್ಲಿ. ನಾನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. "ಒಂದೇ ಮರ, ಒಂದೇ ರೋಗ, ಎರಡು ಜಾತಿ. ಕಣ್ಣಿಗೆ ಒಂದೇ, ವಂಶವಾಹಿಯಲ್ಲಿ ಎರಡು. ಇದು ನಿನ್ನ ಪ್ರಬಂಧವಮ್ಮಾ" ಅಂದರು. ಬೇವಿನ ಮೇಲಿನ ಹೊಸ ಜಾತಿ. ಅದಕ್ಕೆ ಯಾವ ಹೆಸರಿಡಬೇಕೆಂದು ನಾನು ಬಸ್ಸಿನಲ್ಲಿ, ಊಟದಲ್ಲಿ, ಸ್ನಾನದಲ್ಲಿ ಯೋಚಿಸುತ್ತಿದ್ದೆ. ನನಗೆ ಇದ್ದ ಸಂತೋಷವನ್ನು ಈಗ ನೆನೆದರೆ ನಾಚಿಕೆಯಾಗುತ್ತದೆ.

ಹೊಸ ಹೆಸರು ಇಡಬೇಕಾದರೆ ಒಂದು ಮಾದರಿ ಕೊಂಬೆಯನ್ನು ಒಣಗಿಸಿ ಸಂಗ್ರಹಾಲಯದಲ್ಲಿ ಶಾಶ್ವತವಾಗಿ ಇಡಬೇಕು. ಅದಕ್ಕೆಂದು ನಾನೇ ಹೋಗಿ ನಾಲ್ಕನೇ ಮರದಿಂದ ಇಪ್ಪತ್ತು ಕೊಂಬೆ ಕಿತ್ತು ತಂದೆ. ಇಪ್ಪತ್ತರಲ್ಲೂ ಎಂದಿನ ಶಿಲೀಂಧ್ರ. ಮತ್ತೆ ಹೋದೆ, ಮರದ ಇನ್ನೊಂದು ಮಗ್ಗುಲಿನಿಂದ ಕಿತ್ತೆ. ಅದೇ. ಅತ್ತೆ ಕಿತ್ತು ಕಳಿಸಿದ್ದರಲ್ಲಿ ಮಾತ್ರ ಎರಡು. ನಾನು ಪ್ರಯೋಗಾಲಯದಲ್ಲಿ ಒಬ್ಬರನ್ನೂ ಬಿಡದೆ ಜಗಳವಾಡಿದೆ. ಯಾರೋ ನನ್ನ ತಟ್ಟೆ ತೆರೆದಿದ್ದಾರೆ ಅಂದೆ, ಡಿಎನ್‌ಎ ಪ್ರತಿ ಮಾಡುವ ಪಿಸಿಆರ್ ಯಂತ್ರ ಕೆಟ್ಟಿದೆ ಅಂದೆ, ಡಿಎನ್‌ಎ ಓದುವ ಕಂಪನಿಯವರು ನಳಿಕೆ ಅದಲುಬದಲು ಮಾಡಿದ್ದಾರೆ ಎಂದು ಉದ್ದದ ಪತ್ರ ಬರೆದೆ. ಎಲ್ಲವನ್ನೂ ಮೊದಲಿಂದ ಮಾಡಿದೆ. ಮತ್ತೆ ಅದೇ ಉತ್ತರ.

ಸಲ್ಲಿಸಲು ನಾಲ್ಕು ತಿಂಗಳಿತ್ತು. ಒಂದು ಮಧ್ಯಾಹ್ನ ಹಳೆಯ ಕವರುಗಳನ್ನು ಬಿಚ್ಚಿ ಮಿಕ್ಕಿದ್ದ ಕೊಂಬೆ ತುಂಡುಗಳನ್ನು ಮೇಜಿನ ಮೇಲೆ ಹರಡಿದೆ. ಇಷ್ಟು ವರ್ಷಗಳಲ್ಲಿ ಮೊದಲ ಸಲ ನಾನು ಕೊಂಬೆಯನ್ನು ನೋಡಿದ್ದು ಅಂದೇ ಇರಬೇಕು. ಅಲ್ಲಿಯವರೆಗೆ ಅದು ಶಿಲೀಂಧ್ರ ಬರುವ ಸಾಮಾನು, ಅಷ್ಟೆ. ಎಲೆಯಿಲ್ಲ, ಹಸಿರಿಲ್ಲ, ಎಲ್ಲ ಒಣಕಲು. ಆದರೆ ಕೆಲವು ತುಂಡುಗಳ ತೊಗಟೆ ಸ್ವಲ್ಪ ಬೇರೆ, ನಡುವಿನ ತಿರುಳು ಸ್ವಲ್ಪ ಹೆಚ್ಚು. ಶಿಲೀಂಧ್ರದ ಬದಲು ಕೊಂಬೆಯದೇ ಡಿಎನ್‌ಎ ತೆಗೆದು ಓದಿಸಿದೆ. ಹತ್ತು ದಿನಕ್ಕೆ ಉತ್ತರ ಬಂತು. ಅರ್ಧ ತುಂಡುಗಳು ಬೇವು. ಇನ್ನರ್ಧ ಹೆಬ್ಬೇವು, ನಮ್ಮ ಕಡೆಯವರು ಮಲೈವೇಂಬು ಅನ್ನುವ, ಪ್ಲೈವುಡ್‌ಗೆಂದು ತೋಟಗಳಲ್ಲಿ ಬೆಳೆಸುವ ಮರ. ಒಂಟಿ ಕವಲಿನ ನನ್ನ ಶಿಲೀಂಧ್ರ ಬಂದಿದ್ದೆಲ್ಲ ಆ ಅರ್ಧದಿಂದ.

ಮಾರನೆಯ ದಿನ ಬೆಳಿಗ್ಗೆಯೇ ಪಳನಿ ಬಸ್ಸು ಹತ್ತಿದೆ. ಪೊಳ್ಳಾಚಿಯವರೆಗೆ ಅತ್ತೆಗೆ ಏನೇನು ಹೇಳಬೇಕೆಂದು ಜೋಡಿಸಿಕೊಂಡೆ, ಅಲ್ಲಿಂದ ಮಡತ್ತುಕುಳಂವರೆಗೆ ಅದನ್ನು ಇನ್ನೂ ಖಾರ ಮಾಡಿಕೊಂಡೆ. ಅತ್ತೆ ಅಂಗಳದಲ್ಲಿ ಕೂತು ಕೊಬ್ಬರಿ ಒಣಗಹಾಕುತ್ತಿದ್ದಳು. ಹಳದಿ ನೂಲಿನ ಕವರಿಗೆ ಕೊಂಬೆ ಎಲ್ಲಿಂದ ಕೀಳುತ್ತೀಯ ತೋರಿಸು ಅಂದೆ. ಮಂಡಿ ಹಿಡಿದುಕೊಂಡು ಎದ್ದು ನಡೆದಳು. ಮೊದಲು ನನ್ನ ನಾಲ್ಕನೇ ಬೇವು. ಆಮೇಲೆ ಕಾಲುವೆಯ ಏರಿಯ ಮೇಲೆ ಇನ್ನೂರು ಹೆಜ್ಜೆ ನಡೆಸಿ ಒಂದು ಮಲೈವೇಂಬಿನ ಮುಂದೆ ನಿಲ್ಲಿಸಿದಳು. ಅದರ ಕಾಂಡಕ್ಕೆ ಎದೆಮಟ್ಟದಲ್ಲಿ ಹಳದಿ ನೂಲು.

"ಇದು ಬೇವಲ್ಲ ಅತ್ತೆ" ಅಂದೆ.

"ಮಲೈವೇಂಬು ಅಂತ ನಂಗೊತ್ತಿಲ್ವಾ? ಹುಟ್ಟಿದಾಗಿಂದ ಮರ ನೋಡ್ತಾ ಇವ್ನಿ."

"ಮತ್ತೆ ಯಾಕೆ ಕಿತ್ತೆ?"

"ನೀನು ಮಂಜಳ್ ಅಂದೆ. ಬೇವು ಅನ್ಲಿಲ್ಲ. ಬಣ್ಣ ನೋಡಿ ಕೀಳು, ಯೋಚ್ನೆ ಮಾಡ್ಬ್ಯಾಡ ಅಂದೆ. ಎಲ್ಡು ಮರಕ್ಕೆ ಮಂಜಳ್ ಇತ್ತು. ನೀನು ಬಂದು ಕಟ್ಟೋಗಿದ್ದೀಯ ಅಂದ್ಕೊಂಡೆ. ಎಲ್ಡರಲ್ಲೂ ಕಿತ್ತೆ, ಒಂದು ಬಣ್ಣಕ್ಕೆ ಒಂದು ಕವರ್ ತಾನೆ?"

ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಒಂದು ಮಾತೂ ಉಪಯೋಗಕ್ಕೆ ಬರಲಿಲ್ಲ. ನಾನು ಏರಿಯ ಮೇಲೆ ಕೂತುಬಿಟ್ಟೆ. ಇದನ್ನು ಕಟ್ಟಿದವರು ಯಾರು, ಯಾರು, ಎಂದು ಕೂಗಿದೆ. ಅತ್ತೆಗೂ ಈಗ ಕುತೂಹಲ ಹತ್ತಿತು. ನೂಲನ್ನು ಎಳೆದು ನೋಡಿ, ಸಂಜೆಯೊಳಗೆ ಊರಲ್ಲೆಲ್ಲ ವಿಚಾರಿಸಿ ಹೇಳುತ್ತೇನೆ ಅಂದಳು. ಅವಳು ವಿಚಾರಿಸುತ್ತೇನೆ ಎಂದರೆ ನಿಜವಾಗಿಯೂ ವಿಚಾರಿಸುತ್ತಾಳೆ.

ಮನೆಗೆ ಬಂದು ಹಿತ್ತಿಲಲ್ಲಿ ಕಾಲು ತೊಳೆಯುತ್ತಿದ್ದೆ. ಅತ್ತೆಯ ಸೊಸೆ ತೊಟ್ಟಿಯ ಹತ್ತಿರ ಪಾತ್ರೆ ಉಜ್ಜುತ್ತಿದ್ದಳು. ಮಾತು ಕಡಿಮೆಯ ಹುಡುಗಿ. ನನ್ನನ್ನು ಅಕ್ಕಾ ಅನ್ನುತ್ತಿದ್ದಳು, ನಾನು ಅವಳ ಜೊತೆ ಹತ್ತು ಮಾತು ಆಡಿದ್ದಿಲ್ಲ. ಅವಳು ತಲೆ ಎತ್ತದೆಯೇ ಹೇಳಿದಳು.

"ಅಕ್ಕಾ, ಆ ದಾರ ನಾನು ಕಟ್ಟಿದ್ದು."

ನಾನು ಅವಳ ಮೇಲೆ ಹರಿಹಾಯಲು ಬಾಯಿ ತೆರೆದಿದ್ದೆ, ಸುಳ್ಳು ಹೇಳುವುದಿಲ್ಲ. ಅವಳು ನಿಲ್ಲಿಸದೆ ಮುಂದುವರಿಸಿದಳು.

"ಮದ್ವೆಯಾಗಿ ಐದು ವರ್ಷ ಆಯ್ತು. ಮಲೈವೇಂಬು ಎಲೆ ಅರೆದು ಮೂರು ದಿನ ಕುಡುದ್ರೆ ಮಗು ನಿಲ್ತದೆ ಅಂತ ನಮ್ಮಮ್ಮ ಹೇಳಿದ್ರು. ಆ ಮರದಲ್ಲೇ ಎಲೆ ಕಿತ್ತೆ. ಆಡಿ ಶುಕ್ರವಾರ ಮಂಜಳ್ ದಾರ ಕಟ್ಟಿ ಬೇಡ್ಕೊಂಡೆ. ಅತ್ತೆ ನನ್ನ ಹೆಸ್ರಲ್ಲಿ ಎಲ್ಲಾ ಕೋಯಿಲ್‌ಗೂ ಹರಕೆ ಹೊತ್ತವ್ರೆ, ಹೊತ್ತಿದ್ದು ಊರಿಗೆಲ್ಲಾ ಗೊತ್ತು. ಇದೊಂದು ನಂದೇ ಇರ್ಲಿ ಅಂದ್ಕೊಂಡೆ. ದಾರ ಹಳೇದಾದ್ರೆ ತಿಂಗ್ಳು ತಿಂಗ್ಳು ಹೊಸ್ದು ಕಟ್ತೀನಿ. ನಿಮ್ಮ ಓದು ಕೆಡ್ತದೆ ಅಂತ ಗೊತ್ತಿರ್ಲಿಲ್ಲ."

ಆಡಿ ಶುಕ್ರವಾರ ಹೆಂಗಸರು ಮರಕ್ಕೆ ಹಳದಿ ದಾರ ಕಟ್ಟುವುದನ್ನು ನಾನು ನಡೆಯಲು ಕಲಿತಾಗಿನಿಂದ ನೋಡಿದ್ದೇನೆ. ನನ್ನ ಅಮ್ಮ ಕಟ್ಟಿದ್ದಾಳೆ. ಪರೀಕ್ಷೆಗೆ ಮೊದಲು ನಾನೂ ಕಟ್ಟಿದ್ದೇನೆ. ಅದೆಲ್ಲ ಗೊತ್ತಿದ್ದೂ ನಾಲ್ಕನೇ ಮರಕ್ಕೆ ಹಳದಿ ಆರಿಸುವಾಗ ನನಗೆ ಒಂದು ಕ್ಷಣವೂ ಹೊಳೆಯಲಿಲ್ಲ. ಅಪ್ಪನಿಗೆ ಅದು ಕೋನಿನಲ್ಲಿ ಮಿಕ್ಕ ನೂಲು, ನನಗೆ ಅದು ನಾಲ್ಕನೇ ಸಂಖ್ಯೆ. ಈ ಸೀಮೆಯಲ್ಲಿ ಮರಕ್ಕೆ ಹಳದಿ ನೂಲು ಕಟ್ಟಿ, ಅದರ ಅರ್ಥ ನನಗೊಬ್ಬಳಿಗೇ ಸೇರಿದ್ದು ಎಂದುಕೊಂಡಿದ್ದೆನಲ್ಲ. ಆ ಹೊತ್ತಿಗೆ ನನಗೆ ಬಂದ ಸಿಟ್ಟು ನನ್ನ ಮೇಲೆ, ಆದರೆ ಅದಕ್ಕೆ ಕೂಗಾಡಲು ಬರುವುದಿಲ್ಲ.

ಒಳಗೆ ಹೋದೆ. ಅತ್ತೆ ಆಗಲೇ ಯಾರಿಗೋ ಫೋನಿನಲ್ಲಿ ಮಲೈವೇಂಬಿನ ದಾರದ ವಿಷಯ ಶುರುಮಾಡಿದ್ದಳು.

"ಇಡತ್ತೆ ಫೋನು. ದಾರ ನಾನೇ ಕಟ್ಟಿದ್ದು. ಹೋದ ವರ್ಷ ಬಂದಾಗ ಅದಕ್ಕೂ ಒಂದು ಕಟ್ಟಿದ್ದೆ, ಮರೆತಿದ್ದೆ."

ಅತ್ತೆ ಫೋನು ಇಳಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ನೀನೇ ಕಟ್ಟಿ, ನೀನೇ ಮರ್ತು, ಮಂಡಿ ನೋವಿನವ್ಳನ್ನ ಬಿಸ್ಲಲ್ಲಿ ಎಳ್ಕೊಂಡೋಗಿ, ನನ್ಮೇಲೆ ಕೂಗಿದ್ಯಾ?"

"ಹೌದು."

"ಇದಕ್ಕಾ ಇಷ್ಟು ವರ್ಷ ಓದಿದ್ದು?"

ಇದಕ್ಕೇ ಅಂದೆ. ಅವಳು ಆ ಮಧ್ಯಾಹ್ನ ಇಡೀ ಬೈದಳು. ಆಮೇಲೆ ಎರಡು ಮದುವೆ, ಒಂದು ಗೃಹಪ್ರವೇಶದಲ್ಲಿ ನನ್ನೆದುರೇ ಬಳಗಕ್ಕೆಲ್ಲ ಆ ಕಥೆ ಹೇಳಿದಳು. ಅಪ್ಪನಿಗೂ ಹೇಳಿದಳು. ಅಪ್ಪ ಬೇಸರದಿಂದ, "ಬಣ್ಣ ಬರ್ದಿಟ್ಕೊಳ್ಳಾಕೆ ಆಗ್ಲಿಲ್ವಾ ನಿಂಗೆ" ಅಂದ. ಬರೆದಿಟ್ಟ ನೋಟ್‌ಬುಕ್ ನನ್ನ ಬ್ಯಾಗಿನಲ್ಲೇ ಇತ್ತು. ತೆಗೆದು ತೋರಿಸಲಿಲ್ಲ.

ಪ್ರಯೋಗಾಲಯದಲ್ಲಿ ಮಾತ್ರ ಸುಳ್ಳು ನಡೆಯುವುದಿಲ್ಲ. ಮಾರ್ಗದರ್ಶಕರಿಗೆ ಕೊಂಬೆಯ ಡಿಎನ್‌ಎ ಫಲಿತಾಂಶ ಕೊಟ್ಟೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಶಿಲೀಂಧ್ರ ಹೊಸದೇ ಇರಬಹುದಲ್ಲ, ಮರ ತಾನೆ ಬದಲಾಗಿದ್ದು ಅಂದೆ, ಆಸೆಯಿಂದ. ಅವರು ಕಪಾಟಿನಿಂದ ಹಳೆಯ ಪಟ್ಟಿಯೊಂದನ್ನು ತೆಗೆದು ತೋರಿಸಿದರು. ಹೆಬ್ಬೇವಿನ ಮೇಲೆ ಇಂಥದೇ ಒಂದು ಶಿಲೀಂಧ್ರಕ್ಕೆ ಯಾರೋ ಎಂದೋ ಬೀಜಾಣು ಅಳೆದು ಹೆಸರಿಟ್ಟಿದ್ದರು. ಡಿಎನ್‌ಎ ಯಾರೂ ಓದಿಲ್ಲ. ಆ ಒಣ ಮಾದರಿ ಯಾವುದೋ ದೂರದ ಸಂಗ್ರಹಾಲಯದಲ್ಲಿದೆ. ಅದನ್ನು ತರಿಸಿ ಹೋಲಿಸುವವರೆಗೆ ನನ್ನದನ್ನು ಹೊಸದು ಅನ್ನುವಂತಿಲ್ಲ, ಹಳೆಯದು ಅನ್ನುವಂತೆಯೂ ಇಲ್ಲ. ಬೇವಿನ ಪ್ರಬಂಧದಲ್ಲಂತೂ ಅದಕ್ಕೆ ಜಾಗವೇ ಇಲ್ಲ. ಇಡೀ ಅಧ್ಯಾಯ ತೆಗೆಯಬೇಕು, ನಾಲ್ಕನೇ ಮರದ ಅಂಕಿಗಳನ್ನೆಲ್ಲ ಬಿಡಬೇಕು, ಮಿಕ್ಕಿದ್ದನ್ನು ಮತ್ತೆ ಲೆಕ್ಕಹಾಕಬೇಕು. ನಾಲ್ಕು ತಿಂಗಳಲ್ಲಿ ಆಗುವ ಕೆಲಸವಲ್ಲ.

ಅವಧಿ ವಿಸ್ತರಣೆಗೆ ಅರ್ಜಿ ಬರೆಯಲು ಕೂತೆವು. ಅವರು ಒಳ್ಳೆಯ ಮನಸ್ಸಿನಿಂದಲೇ ಒಂದು ವಾಕ್ಯ ಹೇಳಿಕೊಟ್ಟರು: ತರಬೇತಿಯಿಲ್ಲದ ಗ್ರಾಮೀಣ ಸಂಗ್ರಾಹಕಿಯ ತಪ್ಪಿನಿಂದ ಮಾದರಿಗಳು ಬೆರೆತಿವೆ.

"ಅದು ಅವರ ತಪ್ಪಲ್ಲ ಸರ್. ನಾನು ಹೇಳಿದ್ದನ್ನೇ ಅವರು ಮಾಡಿದ್ದು."

"ಇರಬಹುದಮ್ಮಾ. ಬೇರೆಯವರ ತಪ್ಪು ಎಂದರೆ ಸಮಿತಿ ಪ್ರಶ್ನೆ ಕೇಳದೆ ಆರು ತಿಂಗಳು ಕೊಡುತ್ತದೆ. ನಿನ್ನದು ಎಂದರೆ ಕರೆಸಿ ಕೂರಿಸುತ್ತದೆ. ನಾನು ಅಷ್ಟರಲ್ಲಿ ಇಲ್ಲಿ ಇರುವುದಿಲ್ಲ."

ಅದು ಎಷ್ಟು ನಿಜವೆಂದು ನನಗೆ ಗೊತ್ತಿತ್ತು. ಆದರೂ ಆ ವಾಕ್ಯವನ್ನು ಬರೆಯಲು ಕೈ ಬರಲಿಲ್ಲ. ಗುರುತಿಗೆ ನಾನು ಆರಿಸಿದ ಹಳದಿ ನೂಲು ಈ ಪ್ರದೇಶದಲ್ಲಿ ಬೇರೆ ಉದ್ದೇಶಕ್ಕೆ ಬಳಕೆಯಲ್ಲಿರುವುದನ್ನು ಗಮನಿಸದೆ ಹೋದದ್ದು ನನ್ನ ತಪ್ಪು ಎಂದು ಬರೆದು ಸಹಿ ಹಾಕಿದೆ. ಸಮಿತಿ ಕರೆಸಿತು, ಕೂರಿಸಿತು. ಯಾವ ಉದ್ದೇಶ ಎಂದು ಒಬ್ಬರು ಕೇಳಿದರು. ಪೂಜೆ ಸರ್, ಅಂದೆ. ಇಬ್ಬರು ನಕ್ಕರು. ಅವಧಿ ಸಿಕ್ಕಿತು, ಆದರೆ ನಿರ್ಧಾರ ಬರಲು ಐದು ತಿಂಗಳಾಯಿತು. ಮಾರ್ಗದರ್ಶಕರು ನಿವೃತ್ತರಾದರು, ಅವರ ಕೋಣೆಗೆ ಬಂದವರಿಗೆ ಶಿಲೀಂಧ್ರವೆಂದರೆ ಅಣಬೆ. ನಾನು ಒಂದನೇ ಪುಟದಿಂದ ಮತ್ತೆ ಶುರುಮಾಡಿದೆ. ಪ್ರಬಂಧ ಇನ್ನೂ ಮುಗಿದಿಲ್ಲ. ಯಾವಾಗ ಮುಗಿಯುತ್ತದೆ ಎಂದು ಯಾರಾದರೂ ಕೇಳಿದರೆ ನಾನು ಎದ್ದು ಹೋಗುತ್ತೇನೆ.

ಹೋದ ತಿಂಗಳು, ಆ ದೂರದ ಸಂಗ್ರಹಾಲಯದ ಮಾದರಿಯ ಜೊತೆ ಹೋಲಿಸಲು, ಆ ಹೆಬ್ಬೇವಿನಿಂದ ಹೊಸದಾಗಿ ಮಾದರಿ ತೆಗೆಯಬೇಕಾಗಿ ಬಂತು. ಯಾರಿಗೂ ವಹಿಸದೆ ನಾನೇ ಹೋದೆ. ಅತ್ತೆ ಊಟವಾದ ಮೇಲೆ ಮಲಗಿದ್ದಳು. ಸೊಸೆ ಏಣಿ ಹಿಡಿಯಲು ನನ್ನ ಜೊತೆ ಕಾಲುವೆಯ ಏರಿಗೆ ಬಂದಳು. ಮರದ ಪೂರ್ವದ ಮಗ್ಗುಲು ಪೂರ್ತಿ ಒಣಗಿತ್ತು. ರೋಗ ತುದಿಯಿಂದ ಇಳಿದು ದೊಡ್ಡ ಕೊಂಬೆಗಳಿಗೆ ಬಂದಿತ್ತು. ನಾನು ಏಣಿಯ ಮೇಲೆ ನಿಂತು ತುಂಡುಗಳನ್ನು ಕತ್ತರಿಸಿ ಕವರಿಗೆ ಹಾಕಿದೆ. ಪ್ರತಿ ಕವರಿನ ಮೇಲೂ ಮರದ ಹೆಸರು, ಜಾಗ, ದಿಕ್ಕು, ನನ್ನ ಸಹಿ. ಕೆಳಗೆ ಇಳಿದಾಗ ಅವಳು ಇನ್ನೂ ಏಣಿಯನ್ನು ಹಿಡಿದೇ ನಿಂತಿದ್ದಳು. ಅವಳ ಕೈಯ ಪಕ್ಕದಲ್ಲಿ, ಕಾಂಡದ ಮೇಲೆ, ಆ ವಾರ ಕಟ್ಟಿದ್ದಿರಬೇಕು, ಅರಿಶಿನ ಇನ್ನೂ ಹಸಿಯಾಗಿದ್ದ ದಾರ.

"ಅಕ್ಕಾ, ಈ ಮರ ಉಳಿಯುತ್ತಾ?"

ನನಗೆ ಆ ಶಿಲೀಂಧ್ರದ ಮೂರು ವಂಶವಾಹಿಗಳ ಒಂದೊಂದು ಅಕ್ಷರವೂ ಗೊತ್ತು. ಅದು ಯಾರಿಗೆ ಎಷ್ಟು ದೂರದ ನೆಂಟ ಎಂದು ನಾನು ಬರೆದು ತೋರಿಸಬಲ್ಲೆ. ಅದು ಮರವನ್ನು ಎಷ್ಟು ದಿನದಲ್ಲಿ ಕೊಲ್ಲುತ್ತದೆ, ಕೊಲ್ಲುತ್ತದೆಯೋ ಇಲ್ಲವೋ, ಅದನ್ನು ನಾನು ಒಂದು ದಿನವೂ ನೋಡಿರಲಿಲ್ಲ. ಒಣಗಿದ್ದನ್ನೆಲ್ಲ ಹಸಿರು ಸಿಗುವವರೆಗೆ ಕತ್ತರಿಸಿ, ಕಡಿದ ಕಡೆ ಮೈಲುತುತ್ತ ಸುಣ್ಣ ಕಲಸಿ ಹಚ್ಚೋಣ, ನಾಳೆಯೂ ಇದ್ದು ಹಚ್ಚಿ ಹೋಗುತ್ತೇನೆ ಅಂದೆ. ಅವಳು ಕೇಳಿದ್ದು ಅದಲ್ಲ. ಏಣಿ ಬಿಡದೆ ನನ್ನ ಮುಖವನ್ನೇ ನೋಡುತ್ತಿದ್ದಳು.

"ಉಳಿಯುತ್ತೆ" ಅಂದೆ. ಹಾಗೆ ಹೇಳಲು ನನ್ನ ಹತ್ತಿರ ಒಂದು ಆಧಾರವೂ ಇರಲಿಲ್ಲ.